ಕಾಡುದಾರಿಯಲ್ಲಿ ಓಡುವಾಗ ಕಣ್ಣು ಎಲ್ಲಿರಬೇಕು?

ಕಾರವಾರದ ಓಟಗಾರ:
ಇಲ್ಲಿ ಬೀಚಿನಲ್ಲಿ ಓಡುವಾಗ ಏನೂ ತೊಂದರೆ ಇಲ್ಲ. ಶಿರಸಿ ಕಡೆ ಅಜ್ಜನಮನೆಗೆ ಹೋದರೆ ಮಾತ್ರ ಬೇರು, ಚಿರೇಕಲ್ಲು, ಉದುರಿದ ಎಲೆಯ ದರಕಿನ ಅಡಿಯಲ್ಲಿ ಹೊಂಡ, ಬರೀ ಎಡವುವುದೇ. ಕಾಲ ಬುಡವನ್ನೇ ನೋಡುತ್ತ ಓಡಿದರೂ ಹೀಗೇ ಆಗುತ್ತದೆ. ಎಲ್ಲಿ ನೋಡಬೇಕು ಮಾರಾಯ್ರೆ?

ಕುಮಟಾ ಫಿಸಿಯೋ:
ಕಾಲ ಬುಡ ನೋಡಿ ಪ್ರಯೋಜನ ಇಲ್ಲ. ಕಾಲು ನೆಲ ಬಿಟ್ಟ ಮೇಲೆ ದೇಹ ಹೆಚ್ಚುಕಡಿಮೆ ಎಸೆದ ಕಲ್ಲಿನ ಹಾಗೆ, ಎಲ್ಲಿ ಬೀಳುತ್ತದೆ ಎನ್ನುವುದು ಅಷ್ಟರಲ್ಲಿ ಬಹುಪಾಲು ತೀರ್ಮಾನ ಆಗಿರುತ್ತದೆ. ಹಾಗಾಗಿ ಮುಂದಿನ ಹೆಜ್ಜೆಯ ಜಾಗ ಕಣ್ಣಿಗೆ ಮೊದಲೇ ಸಿಗಬೇಕು. 2018ರಲ್ಲಿ ಮ್ಯಾಥಿಸ್, ಯೇಟ್ಸ್, ಹೇಹೋ ಎಂಬ ಸಂಶೋಧಕರು ಜನರಿಗೆ ಕಣ್ಣಿನ ಚಲನೆ ಅಳೆಯುವ ಕ್ಯಾಮೆರಾ ಹಾಕಿ ಕಲ್ಲುಮುಳ್ಳಿನ ದಾರಿಯಲ್ಲಿ ನಡೆಸಿದ್ದರು. ದಾರಿ ಕೆಟ್ಟಷ್ಟೂ ನೋಟ ನೆಲಕ್ಕೆ ಜಾಸ್ತಿ ಬಂತು, ಆದರೆ ಪಾದಕ್ಕಲ್ಲ, ಎರಡು ಮೂರು ಹೆಜ್ಜೆ ಮುಂದಕ್ಕೆ. ಸಮಯದಲ್ಲಿ ಹೇಳಿದರೆ ಸುಮಾರು ಒಂದೂವರೆ ಸೆಕೆಂಡು.

ತೋಟದವ, ಶಿರಸಿ:
ಹಳ್ಳಕ್ಕೆ ಹಾಕಿದ ಮರದ ಸಂಕ ದಾಟುವಾಗ ಕಾಲು ನೋಡಬೇಡ, ಆಚೆ ದಡ ನೋಡು ಅಂತಾರಲ್ಲ ನಮ್ಮಲ್ಲಿ?

ಕುಮಟಾ ಫಿಸಿಯೋ:
ಸಂಕದಲ್ಲಿ ಕಾಲಿಡಲು ಇರುವುದೇ ಒಂದು ಸಾಲು, ಜಾಗ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಬೇಕಿರುವುದು ಬ್ಯಾಲೆನ್ಸು. ಕಾಡುದಾರಿಯಲ್ಲಿ ಪ್ರತಿ ಹೆಜ್ಜೆಗೂ ಜಾಗ ಆರಿಸಬೇಕು.

ಅಂಕೋಲೆ ಪಿ.ಟಿ. ಮೇಷ್ಟ್ರು:
ಲಾಂಗ್ ಜಂಪಿನಲ್ಲೂ ಇದನ್ನೇ ಕಾಣುತ್ತೇವೆ. ಹುಡುಗರು ಹೆಜ್ಜೆ ಎಣಿಸಿ ಗುರುತು ಹಾಕಿಕೊಳ್ಳುತ್ತಾರೆ, ಆದರೂ ಓಡುತ್ತ ಓಡುತ್ತ ಚೂರು ಚೂರು ವ್ಯತ್ಯಾಸ ಸೇರಿಕೊಳ್ಳುತ್ತದೆ, ಜಿಗಿಯುವ ಜಾಗದ ಆ 20 ಸೆಂ.ಮೀ. ಅಗಲದ ಹಲಗೆಯ ಮೇಲೆ ಕಾಲು ಬೀಳಬೇಕಾದರೆ ಕೊನೆಯ ಕೆಲವು ಹೆಜ್ಜೆಗಳನ್ನು ಕಣ್ಣೇ ಸರಿಮಾಡಬೇಕು. ಲೀ ಎಂಬ ಸಂಶೋಧಕ ಮತ್ತು ಜೊತೆಯವರು 1982ರಲ್ಲೇ ಇದನ್ನು ತೋರಿಸಿದ್ದಾರೆ. ಹುಡುಗರಿಗೆ 'ಹಲಗೆ ನೋಡಲೇಬೇಡ' ಎನ್ನುವ ಕೋಚುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇನ್ನೊಂದು ವಿಷಯ, ಓಡುವಾಗ ಹೆಜ್ಜೆ ಉದ್ದ ಮಾಡಲು ಕಾಲು ಮುಂದೆ ಚಾಚಬೇಡಿ. ನೆಲವನ್ನು ತುಸು ಜೋರಾಗಿ ಒತ್ತಿ ಗಾಳಿಯಲ್ಲಿ ಇರುವ ಹೊತ್ತು ಹೆಚ್ಚಿಸಿ, ದೇಹ ತಾನಾಗಿ ಮಾಡುವುದೂ ಮುಖ್ಯವಾಗಿ ಅದನ್ನೇ.

ಕಾರವಾರದ ಓಟಗಾರ:
ಸರ್, ನಾನು ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಹೊರಡುತ್ತೇನೆ. ಬೆಳಕು ಕಾಲ ಬಳಿಯೇ ಬೀಳುತ್ತದೆ.

ಕುಮಟಾ ಫಿಸಿಯೋ:
ಅಲ್ಲೇ ಇದೆ ನೋಡಿ ನಿಮ್ಮ ಸಮಸ್ಯೆ! ಗಂಟೆಗೆ 10 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 2.8 ಮೀಟರ್, ಆ ಒಂದೂವರೆ ಸೆಕೆಂಡಿನ ಲೆಕ್ಕ ಹಿಡಿದರೆ ನಾಲ್ಕು ಮೀಟರ್ ಮುಂದೆ ಬೆಳಕು ಬೇಕು. ಟಾರ್ಚ್ ಸ್ವಲ್ಪ ಮೇಲೆತ್ತಿ. ಬೈಫೋಕಲ್ ಕನ್ನಡಕ ಇದ್ದರೆ ಅದನ್ನೂ ಬದಲಿಸಿ, ಕೆಳಭಾಗದ ಓದುವ ಗಾಜಿನಲ್ಲಿ ನೆಲ ಮಸುಕಾಗಿ ಕಾಣುತ್ತದೆ.