ತಾರಸಿಗೆ ಕೊಡುವ ‘ವಾಟ’: ಈ ಪದ ನಿಮ್ಮ ಕಡೆ ಇದೆಯೇ?

ಬಲ್ಲವರಲ್ಲಿ ಒಂದು ವಿಚಾರಣೆ.

ಮೊನ್ನೆಯ ಜಡಿಮಳೆಗೆ ಮೈಸೂರಿನ ನಮ್ಮ ಮನೆಯ ನಡುಕೋಣೆಯ ಸೂರಿನಲ್ಲಿ ತಟ್ಟೆಯಗಲದ ಕಲೆ ಮೂಡಿತು. ವಾಟರ್‌ಪ್ರೂಫಿಂಗ್ ಮಾಡಿಸೋಣವೆಂದು ಮೇಸ್ತ್ರಿಯನ್ನು ಕರೆಸಿದೆ. ಅವರು ಬಿರುಕು ಹುಡುಕುವ ಗೋಜಿಗೇ ಹೋಗಲಿಲ್ಲ. ಒಂದು ಬಿಂದಿಗೆ ನೀರು ತರಿಸಿ ತಾರಸಿಯ ಮೇಲೆ ಸುರಿದು, ಬೀಡಿ ಹಚ್ಚಿ ಕುಳಿತರು. ನೀರು ಕೊಳವೆಯ ಕಡೆಗೆ ಒಂದು ಮಾರು ಹರಿದು, ಅತ್ತಿತ್ತ ಅನುಮಾನಿಸಿ, ಕೊನೆಗೆ ಆ ಕಲೆಯ ನೇರಕ್ಕೇ ಬಂದು ನಿಂತಿತು. “ವಾಟವೇ ಇಲ್ಲವಲ್ಲ ಸ್ವಾಮಿ! ಎಷ್ಟು ಡಬ್ಬ ಬಳಿದರೆ ಏನು ಬಂತು? ಹತ್ತಡಿಗೆ ಒಂದೂಕಾಲು ಇಂಚಾದರೂ ಕೊಡಬೇಕಿತ್ತು” ಎಂದರು.

ಒಂದೂಕಾಲು ಇಂಚೆಂದರೆ ಸುಮಾರು ನೂರಕ್ಕೆ ಒಂದು. ಚಪ್ಪಟೆ ಛಾವಣಿಗೆ ಎಂಜಿನಿಯರುಗಳು ಹೇಳುವ ಇಳಿಜಾರೂ ಹೆಚ್ಚುಕಡಿಮೆ ಅದೇ. ನನ್ನನ್ನು ಕಾಡಿದ್ದು ಲೆಕ್ಕವಲ್ಲ, ಪದ. ‘ಇಳಿಜಾರು’ ಎನ್ನುವಾಗ ಗುಡ್ಡ, ರಸ್ತೆ ನೆನಪಿಗೆ ಬರುತ್ತವೆ. ‘ವಾಟ’ ಕಣ್ಣಿಗೆ ಕಾಣದ, ನೀರಿಗೆ ಮಾತ್ರ ಗೊತ್ತಾಗುವ ಓರೆ. ಬಚ್ಚಲಿನ ನೆಲಕ್ಕೂ ಅದನ್ನೇ ‘ಕೊಡುತ್ತಾರೆ’. ‘ನೀರಿನ ಓಟ’ವೇ ವಾಟವಾಯಿತು ಎಂದು ಸ್ನೇಹಿತರೊಬ್ಬರು ವಾದಿಸಿದರು. ನನಗೆ ಒಪ್ಪಿಗೆಯಿಲ್ಲ. ತಮಿಳಿನ ‘ವಾಟ್ಟಂ’, ತೆಲುಗಿನ ‘ವಾಟಂ’ ಎರಡಕ್ಕೂ ಇಳಿಜಾರು ಎಂಬ ಅರ್ಥವಿದೆ. ತಮಿಳಿನಲ್ಲಿ ಬಾಡುವಿಕೆಗೂ ವಾಟ್ಟಂ ಎನ್ನುತ್ತಾರೆ. ತೆಲುಗಿನಲ್ಲಿ ವಾಟಂ ಅನುಕೂಲವೂ ಹೌದು, ‘ಚೇತಿವಾಟಂ’ ಎಂದರೆ ಕೈಚಳಕದ ಕಳ್ಳತನ! ಸಂಸ್ಕೃತದ ‘ಯಜ್ಞವಾಟ’ದಲ್ಲಿರುವ, ಆವರಣವೆಂಬ ಅರ್ಥದ ವಾಟವನ್ನು ಇದಕ್ಕೆ ಗಂಟುಹಾಕಬಾರದು. ಹಾಗಾದರೆ ನಮ್ಮದು ಮೂರು ನುಡಿಗಳಿಗೂ ಸೇರಿದ ಹಳೆಯ ಪದವೋ, ಗಾರೆ ಕೆಲಸದವರ ಜೊತೆ ಊರೂರು ಸುತ್ತಿ ಬಂದದ್ದೋ? ಧಾರವಾಡ, ಕಲಬುರಗಿ, ಕರಾವಳಿಯ ಕಡೆಯವರು ಏನನ್ನುತ್ತೀರಿ?

ಎರಡನೆಯದು ಕ್ರಿಯಾಪದದ ಗೊಂದಲ. ‘ಮನೆ ಸೋರುತ್ತಿದೆ’ ಎನ್ನುತ್ತೇವೆ, ‘ನೀರು ಸೋರುತ್ತಿದೆ’ ಎಂದೂ ಎನ್ನುತ್ತೇವೆ. ಆದರೆ ‘ನೀರು ಜಿನುಗುತ್ತಿದೆ’ ಸರಿ, ‘ಮನೆ ಜಿನುಗುತ್ತಿದೆ’ ನನ್ನ ಕಿವಿಗೆ ಹಿಡಿಸುವುದಿಲ್ಲ. ‘ಗೋಡೆ ಒಸರುತ್ತಿದೆ’ ಎಂಬುದನ್ನು ಮಾತ್ರ ಕೇಳಿದ್ದೇನೆ. ಇಲ್ಲಿ ಪದ ತಪ್ಪಿದರೆ ದುಡ್ಡೂ ತಪ್ಪುತ್ತದೆ: ತೊಟ್ಟಿಕ್ಕಿದರೆ ಮೇಲೆ ಬಿರುಕಿರಬಹುದು; ಗೋಡೆ ಒಸರಿದರೆ ತಾರಸಿಯಂಚಿನ ಕೈಪಿಡಿಗೋಡೆಯ ಬುಡವನ್ನೋ ಒಳಗಿನ ಕೊಳಾಯಿಯನ್ನೋ ನೋಡಬೇಕು. ಗಾಳಿಗೆ ಕಿಟಕಿಯಿಂದ ಬೀಳುವುದು ಸೋರಿಕೆಯೇ ಅಲ್ಲ, ಎರಚಲು.

ಇನ್ನು ವಾಟರ್‌ಪ್ರೂಫಿಂಗ್. ನಮ್ಮ ಬಡಾವಣೆಯ ಸಂಘದ ಸೂಚನಾಪತ್ರವನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪತ್ರಿಕೆಗಳ ‘ಜಲನಿರೋಧಕ’ ಬಳಿಯುವ ವಸ್ತುವಿಗೆ ಸರಿ, ಕೆಲಸಕ್ಕೆ ಅಲ್ಲ. ‘ಜಲನಿರೋಧಕ ಮಾಡಿಸಿ’ ಎಂದು ಬರೆದರೆ ವ್ಯಾಕರಣವೇ ಸೋರುತ್ತದೆ. ‘ನೀರ್ತಡೆ’ ಎಂದರೆ ಅಣೆಕಟ್ಟು ಕಣ್ಮುಂದೆ ನಿಲ್ಲುತ್ತದೆ. ಹಿಂದಿನವರಿಗೂ ಈ ಕೆಲಸವಿತ್ತು. ಬಯಲುಸೀಮೆಯ ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಹಾಕುತ್ತಿದ್ದರು; ಆ ಮಣ್ಣು ನೆನೆದೊಡನೆ ಅಂಟಾಗಿ ಸಂದುಗಳನ್ನು ಮುಚ್ಚುತ್ತದೆ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಕಟ್ಟಿದ ನಮ್ಮ ಹಳೆಯ ಮದ್ರಾಸ್ ತಾರಸಿಗಳ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಾರೆ ಹರಡಿ, ಬೆಲ್ಲ, ಅಳಲೆಕಾಯಿಯ ನೀರು ಚಿಮುಕಿಸುತ್ತ ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಆ ಕೆಲಸಕ್ಕೆ ಒಂದೇ ಮಾತಿನ ಹೆಸರು ಯಾರಿಗಾದರೂ ನೆನಪಿದೆಯೇ?

ಸದ್ಯಕ್ಕೆ ‘ತಾರಸಿ ಸೋರದಂತೆ ಮಾಡಿಸಿಕೊಳ್ಳಿ’ ಎಂದು ಬರೆದಿಟ್ಟಿದ್ದೇನೆ. ಮೇಸ್ತ್ರಿಗೆ ಓದಿ ಹೇಳಿದೆ. “ಮೊದಲು ವಾಟ ನೋಡಿಸಿ ಅಂತ ಸೇರಿಸಿ” ಎಂದರು. ಸೇರಿಸಿದ್ದೇನೆ, ಆದರೆ ಬಡಾವಣೆಯಲ್ಲಿ ಎಷ್ಟು ಮಂದಿಗೆ ಆ ಪದ ಗೊತ್ತೋ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.