ಪುಟ್ಟಿ ಕೇಳಿದ ಇಂಪಾರ್ಟೆಂಟ್ ಪ್ರಶ್ನೆ

ಹಲೋ, ಎಲ್ಲರಿಗೂ ಕೇಳಿಸ್ತಿದೆಯಾ? ಕನ್ನಡಕ ಸಿಗುತ್ತಿಲ್ಲ, ಟೈಪ್ ಮಾಡೋಕೆ ಆಗಲ್ಲ. ಅದಕ್ಕೇ ಮಾತಲ್ಲೇ ಹೇಳುತ್ತೇನೆ.

ಬೆಳಿಗ್ಗೆ ಪುಟ್ಟಿ ಒಂದು ಪ್ರಶ್ನೆ ಹಾಕಿದ್ದಳಲ್ಲ. ಇಂಪೋರ್ಟ್ ಅಂದರೆ ಆಮದು, ಇಂಪಾರ್ಟೆಂಟ್ ಅಂದರೆ ಮುಖ್ಯ, ನೋಡೋಕೆ ಅಣ್ಣ ತಮ್ಮನ ಹಾಗಿವೆ, ಅರ್ಥ ಯಾಕೆ ಬೇರೆ ಅಂತ. ಅವಳ ಚಿಕ್ಕಪ್ಪ ‘ಸುಮ್ನೆ ಸ್ಪೆಲ್ಲಿಂಗ್ ಕಲಿ’ ಅಂದುಬಿಟ್ಟ. ತಪ್ಪು ಕಣಪ್ಪಾ. ಮಗು ಸರಿಯಾಗೇ ಹಿಡಿದಿದ್ದಾಳೆ. ಅವು ಒಂದೇ ಮನೆಯವು.

ಪುಟ್ಟಿ, ಬಂಗಾರಪೇಟೆ ಸ್ಟೇಷನ್‌ನಲ್ಲಿ ಪೋರ್ಟರ್ ನೋಡಿದ್ದೀಯಲ್ಲ? ಲ್ಯಾಟಿನ್‌ನಲ್ಲಿ ‘ಪೋರ್ತಾರೆ’ ಅಂದರೆ ಹೊರುವುದು. ಎಕ್ಸ್‌ಪೋರ್ಟ್ ಅಂದರೆ ಹೊರಗೆ ಹೊತ್ತೊಯ್ಯುವುದು. ಪದದ ಶುರುವಿನಲ್ಲಿ ‘ಇನ್’ ಸೇರಿದರೆ ಒಳಗೆ ಹೊತ್ತು ತರುವುದು, ಅದೇ ಇಂಪೋರ್ಟ್. ‘ಇನ್’ ಹೇಗೆ ‘ಇಮ್’ ಆಯಿತು ಅಂತೀಯಾ? ‘ಪ’ ಹೇಳೋಕೆ ತುಟಿ ಮುಚ್ಚಲೇಬೇಕು, ಅದಕ್ಕೆ. ನಮ್ಮ ಸೊನ್ನೆಯೂ ಹಾಗೇ. ‘ಕಂತು’ ಅನ್ನುವಾಗ ನ್, ‘ಕಂಪು’ ಅನ್ನುವಾಗ ಮ್. ಹೇಳಿ ನೋಡು.

ಸರಿ, ಇದರಲ್ಲಿ ‘ಮುಖ್ಯ’ ಎಲ್ಲಿಂದ ಬಂತು? ಸಾಮಾನು ಮಾತ್ರ ಅಲ್ಲ, ಪರಿಣಾಮವನ್ನು ತರುವುದಕ್ಕೂ ಲ್ಯಾಟಿನ್‌ನವರು ಅದೇ ಪದ ಹೇಳುತ್ತಿದ್ದರು. ಪರಿಣಾಮ ಹೊತ್ತು ತರುವಂಥದ್ದೇ ಮುಖ್ಯ ಅಂತ ಅರ್ಥ ಜರುಗಿ, ‘ಇಂಪಾರ್ಟೆಂಟ್’ ಫ್ರೆಂಚ್ ಹಾದು, 15ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು.

ನಮ್ಮ ಕೋಲಾರದ ಟೊಮೆಟೊ ಮಂಡಿಯನ್ನೇ ತಗೋ. ಬೆಳಿಗ್ಗೆ ಅಲ್ಲಿ ನೂರು ಸುದ್ದಿ. ಯಾರೋ ಹೊಸ ಬೈಕ್ ತಗೊಂಡರಂತೆ. ಅದು ಬರಿಗೈಲಿ ಬಂದ ಸುದ್ದಿ. ‘ಇವತ್ತು ಹೊರ ರಾಜ್ಯದ ಲಾರಿಗಳು ಬಂದಿಲ್ಲ’ ಅಂದರೆ? ಅದು 15 ಕೆಜಿ ಬಾಕ್ಸಿನ ರೇಟನ್ನೇ ಹೆಗಲ ಮೇಲೆ ಹೊತ್ತು ತಂದಿದೆ. ನಾನು ಟೀ ಲೋಟ ಅಲ್ಲೇ ಇಟ್ಟು ಎದ್ದು ಹೋಗುತ್ತೇನೆ. ಅದು ಇಂಪಾರ್ಟೆಂಟ್.

ನಮ್ಮ ‘ಮುಖ್ಯ’ ಬಂದಿರುವುದು ಮುಖದಿಂದ. ನಾವು ಮುಖ ನೋಡಿದೆವು, ಅವರು ಹೊರೆ ನೋಡಿದರು! ಆದರೆ ‘ತೂಕದ ಮಾತು’ ಅಂತ ನಾವೂ ಅನ್ನುತ್ತೇವೆ ಅಲ್ವಾ? ‘ಗುರು’ ಅಂದರೂ ಮೊದಲ ಅರ್ಥ ಭಾರ. ಛಂದಸ್ಸಿನಲ್ಲಿ ಲಘು, ಗುರು ಹಾಕುತ್ತೀಯಲ್ಲ, ಅದೇ. ಲ್ಯಾಟಿನ್‌ನ ‘ಗ್ರಾವಿಸ್’ ಕೂಡ ಅದೇ ಬೇರಿನದು. ನಿನ್ನ ಸೈನ್ಸ್ ಪುಸ್ತಕದ ಗ್ರಾವಿಟಿ ಅದರ ಮಗು.

ಹಾಂ, ಒಂದು ಮರೆತೆ. ಇಂಪಾಸಿಬಲ್‌ನ ‘ಇಮ್’ ಬೇರೆ. ಅದು ‘ಇಲ್ಲ’ ಅನ್ನುವ ‘ಇಮ್’. ಎರಡನ್ನೂ ಬೆರೆಸಬೇಡ.