ಹಾರರ್ ಸಿನಿಮಾವನ್ನು ಫೆಸ್ಟಿವಲ್‌ಗೆ ಕಳಿಸಿದವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ತೀರ್ಥಹಳ್ಳಿ ಹುಡುಗ: ಐದು ಜನ ಗೆಳೆಯರು ಸೇರಿ 26 ನಿಮಿಷದ ಹಾರರ್ ಸಿನಿಮಾ ಮಾಡಿದ್ದೇವೆ. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಕಣ ಕಾಯುವವನ ಕಥೆ. ಕೈಯಲ್ಲಿ 40,000 ಉಳಿದಿದೆ. ಉಳಿದವರು ಯೂಟ್ಯೂಬ್‌ಗೆ ಹಾಕಿಬಿಡು ಅಂತಾರೆ. ನನಗೆ ಫೆಸ್ಟಿವಲ್ ಆಸೆ. ಏನು ಮಾಡಲಿ?

ಸಾಗರದವ: ನಾನು 34 ಕಡೆ ಕಳಿಸಿದೆ. ಎಲ್ಲಾ ಫಿಲ್ಮ್‌ಫ್ರೀವೇ ಅನ್ನುವ, ಫೆಸ್ಟಿವಲ್‌ಗಳಿಗೆ ಸಿನಿಮಾ ಕಳಿಸುವ ವೆಬ್‌ಸೈಟ್ ಮೂಲಕವೇ. ಒಂದಕ್ಕೆ 20 ಡಾಲರ್, ಇನ್ನೊಂದಕ್ಕೆ 45, ಕಡೇ ದಿನದಲ್ಲಿ ಕಟ್ಟಿದರೆ 70, ಮೇಲೆ ಬ್ಯಾಂಕಿನ ಚಾರ್ಜು ಬೇರೆ. ಬರೆದಿಟ್ಟಿದ್ದೇನೆ, ಒಟ್ಟು 1,18,400 ರೂಪಾಯಿ. ಎರಡು ಬೈಕ್ ಮಾರಿದ ದುಡ್ಡು ಅದು, ಒಂದು ನನ್ನದು, ಒಂದು ಭಾವನದು. ಆಯ್ಕೆಯಾಗಿದ್ದು ಮೂರು ಕಡೆ. ಅದರಲ್ಲಿ ಎರಡು ಫೆಸ್ಟಿವಲ್ ತಿಂಗಳಿಗೊಂದು ಸಲ ನಡೆಯುವಂಥವು. ಪ್ರಶಸ್ತಿ ಅಂತ ಪೋಸ್ಟರ್ ಮೇಲೆ ಹಾಕಿಕೊಳ್ಳುವ ಎಲೆ ಚಿತ್ರದ ಒಂದು ಫೈಲ್ ಕಳಿಸಿದರು, ತೆರೆ ಮೇಲೆ ತೋರಿಸಲೇ ಇಲ್ಲ. ಟ್ರೋಫಿ ಬೇಕಾದರೆ ಬೇರೆ ದುಡ್ಡಂತೆ! ಮೂರನೆಯದರಲ್ಲಿ ಮಾತ್ರ 60 ಜನ ಕತ್ತಲಲ್ಲಿ ಕೂತು ನೋಡಿದರು. ಒಬ್ಬರು ಕಿರುಚಿದರು. ಆ ಕಿರುಚು ಇನ್ನೂ ನನ್ನ ಕಿವಿಯಲ್ಲಿದೆ.

ರಿಪ್ಪನ್‌ಪೇಟೆ: ಫೀಸು ಬಿಡಿ ಮಾರಾಯ್ರೆ, ನನ್ನನ್ನು ಮುಳುಗಿಸಿದ್ದು ಡಿಸಿಪಿ, ಅಂದರೆ ಥಿಯೇಟರಿನಲ್ಲಿ ಹಾಕಲು ಮಾಡಿಸುವ ಸಿನಿಮಾ ಫೈಲು. ನಾವು ಶೂಟ್ ಮಾಡಿದ್ದು ಸೆಕೆಂಡಿಗೆ 25 ಫ್ರೇಮ್. ಥಿಯೇಟರ್‌ಗೆ 24 ಬೇಕು ಅಂದರು. ಮಾಡಿಕೊಟ್ಟವರು ಸುಮ್ನೆ ನಿಧಾನ ಮಾಡಿಬಿಟ್ಟಿದ್ದಾರೆ. 84 ನಿಮಿಷದ ಸಿನಿಮಾ ಏಳೂವರೆ ಜಾಸ್ತಿಯಾಗಿ, ಅಲ್ಲ, ಮೂರೂವರೆ ಜಾಸ್ತಿಯಾಗಿ 87 ದಾಟಿತು. ಹುಡುಗಿಯ ದನಿ ದಪ್ಪವಾಯಿತು. 28,000 ಕೊಟ್ಟಿದ್ದೆ ಅದಕ್ಕೆ. ಇನ್ನೊಂದು, ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುವ ಕತ್ತಲು ತೆರೆ ಮೇಲೆ ಪೂರ್ತಿ ಕಪ್ಪು. ಥಿಯೇಟರ್ ತೆರೆಯ ಬೆಳಕಿನ ಅಳತೆ 48 ನಿಟ್, ನಿಮ್ಮ ಲ್ಯಾಪ್‌ಟಾಪ್ ಅದರ ಐದಾರು ಪಟ್ಟು ಬೆಳಕು ಕೊಡುತ್ತದೆ. ಬಾವಿಕಟ್ಟೆ ಸೀನಿನಲ್ಲಿ ನಮ್ಮ ದೆವ್ವ ಕಾಣಲೇ ಇಲ್ಲ. ಮೂರು ರಾತ್ರಿ ಉಂಬಳ ಕಚ್ಚಿಸಿಕೊಂಡು ತೆಗೆದ ಸೀನು ಅದು.

ಶಿವಮೊಗ್ಗ ವಿನೋಬನಗರ: ಎಂತಕ್ಕೆ ಈ ಗೋಳು? ನಾನು ಸೀದಾ ಯೂಟ್ಯೂಬ್‌ಗೆ ಹಾಕಿದೆ. ನಾಲ್ಕು ಲಕ್ಷ ಜನ ನೋಡಿದ್ದಾರೆ. ನಮ್ಮೂರಿನವರೇ ನೋಡಲಿ ಅಂತ ಮಾಡಿದ್ದು, ಹೊರದೇಶದ ಅರವತ್ತು ಜನರಿಗಲ್ಲ. ಒಂದು ಪೈಸೆ ಫೀಸು ಕಟ್ಟಲಿಲ್ಲ.

ಸಾಗರದವ: ನಾಲ್ಕು ಲಕ್ಷದಲ್ಲಿ ಕೊನೇವರೆಗೆ ನೋಡಿದವರು ಎಷ್ಟು? ಅದನ್ನೂ ಹೇಳಿ. ಒಂದು ಸಲ ಯೂಟ್ಯೂಬ್‌ಗೆ ಹಾಕಿದರೆ ಪ್ರೀಮಿಯರ್, ಅಂದರೆ ಮೊದಲ ಪ್ರದರ್ಶನ ಅನ್ನುವ ಹೆಸರು, ಹೋಯಿತು, ಎಷ್ಟೋ ಫೆಸ್ಟಿವಲ್‌ನವರು ಆಮೇಲೆ ಮುಟ್ಟುವುದಿಲ್ಲ. ಈ ಹುಡುಗನಿಗೆ ಅದನ್ನು ಹೇಳದೆ ಸುಮ್ನೆ ಹಾಕು ಅನ್ನಬೇಡಿ. ಪ್ಯಾರಾನಾರ್ಮಲ್ ಆಕ್ಟಿವಿಟಿ ಸುಮಾರು 15,000 ಡಾಲರಿನ ಸಿನಿಮಾ. 2007ರಲ್ಲಿ ಸ್ಕ್ರೀಮ್‌ಫೆಸ್ಟ್ ಅನ್ನುವ ಹಾರರ್ ಫೆಸ್ಟಿವಲ್‌ನಲ್ಲಿ ತೋರಿಸಿದ್ದರಿಂದಲೇ ಮೇಲೆ ಬಂತು.

ಶಿವಮೊಗ್ಗ ವಿನೋಬನಗರ: 2007ರಲ್ಲಿ ತೋರಿಸಿದ್ದು ಥಿಯೇಟರಿಗೆ ಬಂದಿದ್ದು 2009ಕ್ಕೆ, ಅದೂ ದೊಡ್ಡ ಸ್ಟುಡಿಯೊ ಕೈ ಹಿಡಿದ ಮೇಲೆ. ನಿಮ್ಮ ಕೈ ಯಾರು ಹಿಡಿದರು? ಬೈಕ್ ಮಾರಿದ್ದು ನೀವು, ಸಿಟ್ಟು ನನ್ನ ಮೇಲೆ ಯಾಕೆ?

ಕೊಪ್ಪದ ಅಕ್ಕ: ಜಗಳ ಸಾಕು. ತಮ್ಮಾ, ನಿನ್ನ ಕಥೆಯಲ್ಲಿ ಚೌಡಿ ಇದೆಯಾ? ನಾನು ಕೇಳುವುದಕ್ಕೆ ಕಾರಣವಿದೆ. ನಾವು ತೋಟದ ಮೂಲೆಯ ಚೌಡಿ ಕಲ್ಲನ್ನೇ ದೆವ್ವ ಅಂತ ತೋರಿಸಿದೆವು. ಹೊರಗಿನ ಫೆಸ್ಟಿವಲ್‌ನಲ್ಲಿ ತುಂಬಾ ಹೊಗಳಿದರು. ಊರಿನಲ್ಲಿ ಅಪ್ಪ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಚೌಡಿ ತೋಟ ಕಾಯುವವಳು, ಅವಳನ್ನು ಹೆದರಿಸುವವಳು ಮಾಡಿದೆಯಲ್ಲ ಅಂದರು. ಅವರು ಹೇಳಿದ್ದೇ ಸರಿ ಅಂತ ಈಗ ಅನ್ನಿಸುತ್ತದೆ. ಆ ಸೀನು ತೆಗೆದು ಮತ್ತೆ ಎಡಿಟ್ ಮಾಡಿದೆ, 19,000 ಹೋಯಿತು.

ರಿಪ್ಪನ್‌ಪೇಟೆ: ಕಲೆಗೆ ಹೀಗೆ ಹೆದರಿದರೆ ಹಾರರ್ ಮಾಡುವುದು ಹೇಗೆ ಅಕ್ಕಾ? ಅಜ್ಜಿ ಹೇಳಿದ ಕೊಳ್ಳಿದೆವ್ವದ ಕಥೆಗೂ ಯಾರದೋ ಅಪ್ಪಣೆ ಬೇಕಾ?

ಕೊಪ್ಪದ ಅಕ್ಕ: ಕೊಳ್ಳಿದೆವ್ವಕ್ಕೆ ಯಾರೂ ಹಣ್ಣುಕಾಯಿ ಮಾಡಿಸುವುದಿಲ್ಲ. ಚೌಡಿಗೆ ನಮ್ಮ ಮನೆಯಲ್ಲಿ ವರ್ಷ ವರ್ಷ ಮಾಡಿಸುತ್ತೇವೆ. ವ್ಯತ್ಯಾಸ ಗೊತ್ತಿಲ್ಲದಿದ್ದರೆ ಮಾತಾಡಬೇಡಿ.

ಆಗುಂಬೆ ಘಾಟಿ: ಯಾರೂ ಸೌಂಡ್ ವಿಷಯ ಎತ್ತಲೇ ಇಲ್ಲ. ಜುಲೈನಲ್ಲಿ ಶೂಟ್ ಮಾಡಿದೆ. ಹಂಚಿನ ಮೇಲೆ ಮಳೆ, ಹೊರಗೆ ಜೀರುಂಡೆ, ಕರೆಂಟಿಲ್ಲ ಅಂತ ಜನರೇಟರ್. ಒಂದು ಮಾತೂ ಉಳಿಯಲಿಲ್ಲ, ಎಲ್ಲಾ ಮತ್ತೆ ಡಬ್ ಮಾಡಿಸಿದೆ. ನಟರಿಗೆ ಬಸ್ಸು, ಊಟ, ಸ್ಟುಡಿಯೊ ಎಲ್ಲಾ ಸೇರಿ 52,000. ಹಾರರ್‌ನಲ್ಲಿ ಅರ್ಧ ಭಯ ಕಿವಿಯಲ್ಲೇ ಅಲ್ವಾ? ಜನರೇಟರನ್ನು ನೂರು ಅಡಿ ದೂರ, ಗೋಡೆ ಹಿಂದೆ ಇಡಬೇಕಿತ್ತು.

ಶಿವಮೊಗ್ಗ ವಿನೋಬನಗರ: ನೂರು ಅಡಿ ಸಾಲದು. ಮಳೆಗಾಲದಲ್ಲಿ ಶೂಟ್ ಮಾಡುವುದೇ ತಪ್ಪು.

ಆಗುಂಬೆ ಘಾಟಿ: ಮಳೆ ಇಲ್ಲದ ಆಗುಂಬೆ ಯಾರಿಗೆ ಬೇಕು? ಶಿವಮೊಗ್ಗದಲ್ಲಿ ಕೂತು ಹೇಳುವುದು ಸುಲಭ.

ತೀರ್ಥಹಳ್ಳಿ ಹುಡುಗ: ಚೌಡಿ ಇಲ್ಲ ಅಕ್ಕಾ. ಈಗಷ್ಟೇ ಫೈಲ್ ತೆಗೆದು ನೋಡಿದೆ, ನಮ್ಮದೂ 25 ಫ್ರೇಮ್.

ರಿಪ್ಪನ್‌ಪೇಟೆ: ಗಾಬರಿ ಬೇಡ. ನಿಧಾನ ಮಾಡಿದರೂ ದನಿಯನ್ನು ಮೊದಲಿನಂತೆ ಸರಿ ಮಾಡಬಹುದು, ಬಾಯಿಬಿಟ್ಟು ಕೇಳಬೇಕು ಅಷ್ಟೆ. ನನಗೆ ಅದಕ್ಕೆ ಬೇರೆ 6,000 ಹಾಕಿದರು. ಪೂರ್ತಿ ಒಂದು ಸಲ ಥಿಯೇಟರಿನಲ್ಲೇ ಹಾಕಿಸಿ ಕೇಳಿ, ಆಮೇಲೆ ದುಡ್ಡು ಕೊಡಿ.